ಪೆನ್ಶನ್ ಕಟ್ಟೆ

ಪೆನ್ಶನ್ ಎಂಬುದಕ್ಕೆ ನಮ್ಮ ಹಿರಿಯರು ‘ವಿಶ್ರಾಂತಿವೇತನ’ ಎಂದು ಹೆಸರಿಟ್ಟರು. ದುಡಿಮೆಗೆ ವೇತನ ಕೊಡುವುದು ಲೋಕರೂಢಿ. ವಿಶ್ರಾಂತಿಗೂ ವೇತನ ಕೊಡುವುದು ಸರಕಾರದ ಔದಾರ್ಯ. ಹೀಗೆ ಬರೆದುದನ್ನು ನಮ್ಮ ಬಡಾವಣೆಯ ಹಿರಿಯರು ಓದಿದರೆ ನಮ್ಮ ಕಿವಿ ಹಿಂಡದೆ ಬಿಡಲಾರರು. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ನಕಾರಾ ಎಂಬವರ ಮೊಕದ್ದಮೆಯಲ್ಲಿ ಪೆನ್ಶನ್ ಎಂಬುದು ದಾನವಲ್ಲ, ಹಕ್ಕು ಎಂದು ತೀರ್ಪು ಕೊಟ್ಟಿತು. ಆ ದಿನವನ್ನೇ ಪೆನ್ಶನ್‌ದಾರರ ದಿನವೆಂದು ಆಚರಿಸುತ್ತಾರೆ. ಆದಕಾರಣ ಔದಾರ್ಯವೆಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ವಿಶ್ರಾಂತಿ ಎಂಬ ಮಾತು ಮಾತ್ರ ಉಳಿಯಿತು. ಅದು ಎಷ್ಟರಮಟ್ಟಿಗೆ ನಿಜ ಎಂಬುದೇ ಈ ಸಲದ ಹರಟೆಯ ವಿಷಯ.

ನಾವು ಸರಕಾರಿ ಕಚೇರಿಯೊಂದರಲ್ಲಿ ಪೆನ್ಶನ್ ಕಾಗದಪತ್ರಗಳ ಮೇಜಿನ ಹಿಂದೆ ಕುಳಿತ ಗುಮಾಸ್ತರು. ಮೂವತ್ತು ದಾಟಿದ್ದೇವೆ, ನಲವತ್ತು ಮುಟ್ಟಿಲ್ಲ. ನಿವೃತ್ತಿಯ ಸುಖವನ್ನು ಕುರಿತು ಬರೆಯಲು ಇವರಿಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ಮದುವೆ ಮಾಡಿಸುವ ಪುರೋಹಿತರು ಪ್ರತಿಸಲವೂ ತಾವೇ ಮದುವೆಯಾಗುತ್ತಾರೆಯೇ? ಆದರೂ ಮಂತ್ರ ಅವರಿಗೆ ಬಾಯಿಪಾಠ. ಅದರಂತೆ ವರ್ಷಕ್ಕೆ ಎಷ್ಟೋ ಮಂದಿಯನ್ನು ಫಾರಮು ತುಂಬಿಸಿ, ಸಹಿ ಹಾಕಿಸಿ, ಫೋಟೋ ಅಂಟಿಸಿ ಮನೆಗೆ ಕಳುಹಿಸುವ ಕೆಲಸ ನಮ್ಮದು.

ಆ ಮೇಜಿನ ಹಿಂದೆ ಕುಳಿತವರಿಗೆ ಕಾಣುವ ಮೊದಲ ವಿಚಿತ್ರವೆಂದರೆ ಮೇ ತಿಂಗಳ ಕೊನೆಯ ದಿನದ ನೂಕುನುಗ್ಗಲು. ಹಿಂದಿನ ಕಾಲದಲ್ಲಿ ಹುಡುಗನನ್ನು ಶಾಲೆಗೆ ಕರೆದೊಯ್ದ ತಂದೆಗೆ ಮಗ ಹುಟ್ಟಿದ್ದು ಕಾರಹುಣ್ಣಿಮೆಯ ಹಿಂದಿನ ದಿನವೆಂದೋ, ಹೊಳೆ ಬಂದ ವರ್ಷವೆಂದೋ ನೆನಪಿರುತ್ತಿತ್ತೇ ಹೊರತು ತಾರೀಖು ನೆನಪಿರುತ್ತಿರಲಿಲ್ಲ. ಮಾಸ್ತರರು ಸಲೀಸಾಗಿ ಜೂನ್ 1 ಎಂದು ಬರೆದುಕೊಂಡರು. ಒಂದನೆಯ ತಾರೀಖು ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ಕೇಂದ್ರ ಸರಕಾರದ ನಿಯಮ. ಹೀಗಾಗಿ ಯಾವುದೋ ಊರಿನ ಯಾವುದೋ ಮಾಸ್ತರರು ಐವತ್ತೈದು ವರ್ಷದ ಹಿಂದೆ ಒಂದು ಗೆರೆ ಎಳೆದ ಫಲವಾಗಿ ಈಗ ಮೇ 31ರಂದು ಹೂವಿನ ಹಾರದ ಬೆಲೆ ಏರುತ್ತದೆ. 1998ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ ಆ ಜೂನ್ ಒಂದರ ಸಂತಾನವೆಲ್ಲ ಒಟ್ಟಿಗೆ ಎರಡು ವರ್ಷ ಕುರ್ಚಿಯಲ್ಲಿ ಉಳಿಯಿತಂತೆ.

ಬೀಳ್ಕೊಡುಗೆಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಶಾಲು, ತೆಂಗಿನಕಾಯಿ, ಸಮೋಸ, ಸಾಹೇಬರ ಭಾಷಣ. ಒಂದು ಮಾತನ್ನು ಮಾತ್ರ ಇಲ್ಲಿ ದಾಖಲು ಮಾಡಬೇಕು: ಇನ್ನು ಮುಂದೆ ಗಡಿಯಾರ ನೋಡುವ ಅಗತ್ಯವೇ ಇಲ್ಲದ ಮನುಷ್ಯನಿಗೆ ಎಲ್ಲ ಕಚೇರಿಗಳೂ ಗೋಡೆಗಡಿಯಾರವನ್ನೇ ಉಡುಗೊರೆ ಕೊಡುತ್ತವೆ. ಇದರಲ್ಲಿ ವ್ಯಂಗ್ಯವಿದೆಯೆಂದು ನಾವು ಮೊದಲು ಎಣಿಸಿದ್ದೆವು. ಡೊಂಬಿವಲಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಹೊತ್ತು ಸೇರುವ ನಾಲ್ಕು ಮಂದಿ ಹಿರಿಯರನ್ನು ಕೆಲವು ವರ್ಷ ನೋಡಿದ ಮೇಲೆ, ಉಡುಗೊರೆ ಸರಿಯಾದುದೇ ಎನ್ನಿಸತೊಡಗಿತು.

ಉದ್ಯಾನದ ಆಲದ ಮರಕ್ಕೆ ನಗರಪಾಲಿಕೆಯವರು ಸುತ್ತಲೂ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದಾರೆ. ಅದಕ್ಕೆ ‘ಪೆನ್ಶನ್ ಕಟ್ಟೆ’ ಎಂದು ನಾಮಕರಣ ಮಾಡಿದವರು ನಾವಲ್ಲ, ಅಲ್ಲಿ ಕ್ರಿಕೆಟ್ ಆಡುವ ಹುಡುಗರು. ಸಂಜೆ ಐದೂವರೆಗೆ ಅಲ್ಲಿ ಕನ್ನಡ ಕೇಳಿಸುತ್ತದೆ. ಒಂದಲ್ಲ, ಎರಡು ಬಗೆಯ ಕನ್ನಡ. ಧಾರವಾಡದ ಕಡೆಯ ಮಾಸ್ತರರು ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗದಗಿನ ಕಡೆಯ ಗಾರ್ಡ್ ಕಾಕಾ ರೈಲ್ವೆಯವರು. ಉಡುಪಿಯ ಕಡೆಯ ಟಪ್ಪಾಲು ಮಾಮ ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ಒಳಗೆ ತೆಗೆದುಕೊಂಡು ಹೊರಗೆ ಕಳುಹಿಸಿದವರು. ನಾಲ್ಕನೆಯವರು ಅದೇ ಕಚೇರಿಯಲ್ಲಿ ಮಾಮನ ಮೇಲಧಿಕಾರಿಗಳಾಗಿದ್ದ ಸೂಪರಿಂಟೆಂಡೆಂಟರು. ಇವರ ಹೆಸರು ಹಾಕಿದರೆ ಮುಂದಿನ ಸಂಚಿಕೆಗೆ ನಾವು ಬರೆಯುವಂತಿಲ್ಲ.

ಟಪ್ಪಾಲು ಮಾಮ ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಸರಕಾರಿ ಕೆಲಸ ಹಿಡಿದವರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹೀಗೆ ಎಷ್ಟು ಹೋಟೆಲು ಹುಡುಗರನ್ನು ಮೇಜಿನ ಈಚೆಯಿಂದ ಆಚೆಗೆ ದಾಟಿಸಿವೆಯೆಂಬುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದುದಲ್ಲ. ಅನೇಕರ ಮನೆಯದೇ ಕಥೆ. ನಿವೃತ್ತರಾದ ಮೊದಲ ವಾರ ಮಾಮ ಒಂದು ಲೆಕ್ಕ ಹಾಕಿದರು. ಡೊಂಬಿವಲಿಯಿಂದ ವಿ.ಟಿ.ಗೆ ಹೋಗಿಬರಲು (ಆ ನಿಲ್ದಾಣಕ್ಕೆ 1996ರಲ್ಲಿ ಹೆಸರು ಬದಲಾದರೂ, 2017ರಲ್ಲಿ ಮತ್ತೆ ಉದ್ದವಾದರೂ, ಕಟ್ಟೆಯವರಿಗೆ ಅದು ವಿ.ಟಿ.ಯೇ) ನಡಿಗೆ, ಕಾಯುವುದು ಎಲ್ಲ ಸೇರಿ ದಿನಕ್ಕೆ ಮೂರು ಗಂಟೆ. ವರ್ಷಕ್ಕೆ 280 ದಿನವೆಂದರೆ 840 ಗಂಟೆ. ಮೂವತ್ತೈದು ವರ್ಷಕ್ಕೆ 29,400 ಗಂಟೆ. ಅಂದರೆ 1,225 ದಿನ; ಮೂರು ವರ್ಷ ನಾಲ್ಕು ತಿಂಗಳು ಹಗಲಿರುಳು ರೈಲಿನಲ್ಲಿಯೇ ಕಳೆದಂತಾಯಿತು. “ಅದರಲ್ಲಿ ಕೂತದ್ದು ಹೆಚ್ಚೆಂದರೆ ಆರು ತಿಂಗಳು ಮಾರಾಯ, ಉಳಿದದ್ದೆಲ್ಲ ನಿಂತದ್ದೇ,” ಎಂದರು ಮಾಮ.

ಇಷ್ಟು ಲೆಕ್ಕ ಹಾಕಿದವರು ರೈಲಿನ ಮುಖ ನೋಡಬಾರದಷ್ಟೆ? ಎರಡನೆಯ ವಾರ ಬೆಳಿಗ್ಗೆ ಎಂಟು ಗಂಟೆಗೆ ನಾವು ಎಂದಿನಂತೆ ಪ್ಲಾಟ್‌ಫಾರಮಿಗೆ ಓಡುತ್ತಿದ್ದಾಗ ಮಾಮ ಇಸ್ತ್ರಿ ಮಾಡಿದ ಶರಟು ತೊಟ್ಟು ಅಲ್ಲಿ ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿ ಮಾತ್ರ ಇರಲಿಲ್ಲ. ಹಳೆಯ ಡಬ್ಬದ ಗೆಳೆಯರು, ಅಂದರೆ ರೈಲು ಡಬ್ಬದ ಗೆಳೆಯರು, ಕಿಟಕಿಯಿಂದ ಕೈಬೀಸಿದರು. ಒಳಗೆ ಭಜನೆಯ ತಾಳ ಆಗಲೇ ಶುರುವಾಗಿತ್ತು. ಗಾಡಿ ಹೋದ ಮೇಲೆ ಮಾಮ ಖಾಲಿ ಹಳಿ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಇಪ್ಪತ್ತು ವರ್ಷ ಒಂದೇ ಮೂಲೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ನಿಂತ ಜನ, ಮನೆಯ ಮದುವೆ ಮುಂಜಿಗೆ ಬಂದ ಜನ, ಮೊದಲ ಹೆಣ್ಣುಮಗುವಿಗೆ ಪೇಢೆ ತಿಂದ ಜನ. ಅವರಿಗೆ ಮಾಮನ ಮನೆಯ ವಿಳಾಸ ಗೊತ್ತು. ಆದರೆ ಬಿಡುವು ಯಾರಿಗಿದೆ?

ಅದೇ ಹೊತ್ತಿನಲ್ಲಿ ಮನೆಯೊಳಗೆ ಬೇರೆ ಅನಾಹುತ ನಡೆದಿತ್ತು. ಮಾಮಿ ನಮ್ಮ ಮನೆಗೆ ಸಕ್ಕರೆ ಸಾಲದ ನೆಪದಲ್ಲಿ ಬಂದು ಹೇಳಿದ ಮಾತು ಇದು: “ನಿಮ್ಮ ಮಾಮ ಆಫೀಸನ್ನೇ ಮನೆಗೆ ತಂದಿದ್ದಾರೆ ಮಗಾ. ಕೊತ್ತಂಬರಿ ಡಬ್ಬಕ್ಕೂ ನಂಬರು ಹಾಕಿದ್ದಾರೆ. ಗ್ಯಾಸ್ ಸಿಲಿಂಡರ್ ಎಂದು ಬಂತು, ಎಂದು ಮುಗಿಯಿತು ಅಂತ ಪುಸ್ತಕ ಇಟ್ಟಿದ್ದಾರೆ. ನಿನ್ನೆ ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ಕಾರಣ ಕೇಳಿದರು. ಇನ್ನು ಬರೆದು ಕೊಡು ಅಂತಾರೋ ಏನೋ!”

ನಿವೃತ್ತಿಯ ಸುಖದ ವಿಷಯ ಬರೆಯುವವರೆಲ್ಲ ಗಂಡಸರೇ ಆದುದರಿಂದ ಒಂದು ಸಂಗತಿ ಬರವಣಿಗೆಗೆ ಬರುವುದಿಲ್ಲ. ಗಂಡ ನಿವೃತ್ತನಾದ ದಿನದಿಂದ ಹೆಂಡತಿಗೆ ಹಗಲಿನ ಎಂಟು ಗಂಟೆಯ ಸ್ವಾತಂತ್ರ್ಯ ಹೋಗುತ್ತದೆ. ಮೊದಲು ಮಧ್ಯಾಹ್ನ ಒಬ್ಬಳೇ ಮೊಸರನ್ನ ತಿಂದು, ನೆರೆಮನೆಯವರೊಡನೆ ನಾಲ್ಕು ಮಾತನಾಡಿ, ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದವಳು ಈಗ ಬಿಸಿ ಅನ್ನ, ಬಿಸಿ ಪಲ್ಯ, ಮೂರು ಗಂಟೆಗೆ ಕಾಫಿ, ನಾಲ್ಕಕ್ಕೆ ಇನ್ನೊಮ್ಮೆ ಎಂದು ಎದ್ದು ಓಡಾಡಬೇಕು. ಅವಳಿಗೆ ಮೇ 31 ಎಂದು ಬರುತ್ತದೆ? ಅವಳಿಗೆ ಶಾಲು ಹೊದಿಸಿದವರನ್ನು ನಾವು ಕಂಡಿಲ್ಲ. ಈ ಪ್ರಶ್ನೆಯನ್ನು ಕಟ್ಟೆಯಲ್ಲಿ ಒಮ್ಮೆ ಎತ್ತಿದೆವು. ನಾಲ್ವರೂ ಏಕಕಾಲದಲ್ಲಿ ಕ್ರಿಕೆಟ್ ಆಡುವ ಹುಡುಗರ ಕಡೆ ನೋಡತೊಡಗಿದರು.

ಆದರೂ ಪ್ರಶ್ನೆ ವ್ಯರ್ಥವಾಗಲಿಲ್ಲವೆನ್ನಬೇಕು. ಮಾಮ ಮಾಟುಂಗಾಕ್ಕೆ ಹೋಗುವ ಕೆಲಸ ವಹಿಸಿಕೊಂಡರು. ವಾರಕ್ಕೊಮ್ಮೆ, ನೂಕುನುಗ್ಗಲು ಕಳೆದ ಮೇಲಿನ ಗಾಡಿಯಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಹೋಗುತ್ತಾರೆ. ಮೂವತ್ತೈದು ವರ್ಷ ಹಾದುಹೋದ ದಾರಿಯನ್ನು ಈಗ ನೋಡುತ್ತಿದ್ದೇನೆ ಎನ್ನುತ್ತಾರೆ. ಮೊದಲು ನೋಡಿದ್ದು ಮುಂದಿನವರ ಬೆನ್ನು ಮಾತ್ರ. ಮಾಟುಂಗಾದಲ್ಲಿ ಕಣ್ಣೆದುರಿಗೆ ಹುರಿದು ಪುಡಿಮಾಡಿಸಿದ ಕಾಫಿ, ಬಾಳೆಎಲೆ, ಮಂಗಳೂರು ಸೌತೆ, ಒಂದೊಂದು ಸಲ ಮಟ್ಟುಗುಳ್ಳ. 2011ರಲ್ಲಿ ಆ ಬದನೆಗೆ ಭೌಗೋಳಿಕ ಗುರುತು ದೊರೆತ ಮೇಲೆ ಮಾಮ ಅದನ್ನು ಸರಕಾರಿ ದಾಖಲೆಯಂತೆ ಎರಡೂ ಕೈಯಲ್ಲಿ ಹಿಡಿದು ತರುತ್ತಾರೆ. ಮೂರು ಗಂಟೆಯ ಕಾಫಿಯನ್ನು ಈಗ ಅವರೇ ಮಾಡುತ್ತಾರೆ. ಡಿಕಾಕ್ಷನ್ ಇಳಿಯುವ ಶಬ್ದ ಕೇಳುತ್ತ ಕಾಯುವುದರಲ್ಲಿ ಸುಖವಿದೆಯೆಂದು ತಮಗೆ ಅರುವತ್ತರ ತನಕ ಯಾರೂ ಹೇಳಿಕೊಟ್ಟಿರಲಿಲ್ಲವಂತೆ. ಮಾಮಿ ಹೇಳುವ ಪ್ರಕಾರ ಕಾಫಿ ಪರವಾಗಿಲ್ಲ, ಪಾತ್ರೆ ಮಾತ್ರ ಮೂರು ಹೆಚ್ಚಾಗುತ್ತವೆ. ಆ ಹೊತ್ತಿನಲ್ಲಿ ಮಾಮಿ ಭಜನಾಮಂಡಲಿಗೆ ಹೋಗುತ್ತಾರೆ, ಬರುವಾಗ ಸಂಜೆಯಾಗುತ್ತದೆ.

ಕಟ್ಟೆಯ ಉಳಿದವರ ಹವ್ಯಾಸಗಳೂ ಹೀಗೆಯೇ ಚಿಕ್ಕವು. ಗಾರ್ಡ್ ಕಾಕಾ ಮನೆಯಲ್ಲಿ ಕುಳಿತೇ ಸಿಳ್ಳೆಯಿಂದ ಗಾಡಿ ಯಾವುದು, ಎಷ್ಟು ತಡ ಎಂದು ಹೇಳುತ್ತಾರೆ. ಅವರ ಮೊಮ್ಮಗಳು ಮೊಬೈಲಿನಲ್ಲಿ ನೋಡಿ ತಾಳೆ ಹಾಕುತ್ತಾಳೆ. ಕಾಕಾ ಗೆದ್ದ ದಿನ ಅವಳಿಗೆ ಚಾಕೊಲೇಟು, ಸೋತ ದಿನವೂ ಚಾಕೊಲೇಟು. ಬೆಳಗಿನ ಹೊತ್ತು ಉದ್ಯಾನದಲ್ಲಿ ಕೈಯೆತ್ತಿ ನಗುವ ಗುಂಪೊಂದು ಸೇರುತ್ತದೆ. 1995ರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಎಂಬವರು ಮುಂಬಯಿಯ ಉದ್ಯಾನವೊಂದರಲ್ಲಿ ಮೊದಲುಮಾಡಿದ ನಗೆಕೂಟ ಇಂದು ಎಷ್ಟೋ ದೇಶಗಳಿಗೆ ಹಬ್ಬಿದೆಯಂತೆ. ಕಾಕಾನನ್ನು ಕರೆದರು. “ನಗೂದಕ್ಕೂ ಡಾಕ್ಟರು ಬೇಕೇನ್ರಿ? ನಮ್ಮ ಮಾಸ್ತರು ಹಾಡೂದು ಕೇಳಿದ್ರ ಸಾಕಲ್ಲ!” ಎಂದುಬಿಟ್ಟರು. ಮಾಸ್ತರರು ಎರಡು ದಿನ ಕಟ್ಟೆಗೆ ಬರಲಿಲ್ಲ. ಮೂರನೆಯ ದಿನ ಕಾಕಾ ತಾವೇ ಹೋಗಿ, “ಬರ್ರಿ ಮಾಸ್ತರ, ನೀವಿಲ್ದ ನಗಿನs ಬರವಲ್ದು,” ಎಂದು ಕರೆತಂದರು.

ಈಗ ನಾವು ಹೇಳಬೇಕೆಂದು ಕಾದಿಟ್ಟುಕೊಂಡ ಸಂಗತಿಗೆ ಬರುತ್ತೇವೆ. ಟಪ್ಪಾಲು ಮಾಮನಿಗೆ ಹುಡುಗತನದಿಂದ ತಾಳಮದ್ದಳೆಯ ಹುಚ್ಚು. ಕರಾವಳಿಯ ಹೊರಗಿನ ಓದುಗರಿಗಾಗಿ ಹೇಳುವುದಾದರೆ, ಇದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಪಾತ್ರವಾಗಿ ಮಾತನಾಡುತ್ತಾರೆ. ಮಾತು ಬರೆದಿಟ್ಟದ್ದಲ್ಲ, ಎದುರಾಳಿ ಎಸೆದ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಟ್ಟಬೇಕು. ಕೆಲಸದಲ್ಲಿದ್ದಾಗ ಮಾಮನಿಗೆ ಇದಕ್ಕೆ ಬಿಡುವಿರಲಿಲ್ಲ. ಬಿಡುವಿದ್ದರೂ, ದಿನವಿಡೀ ‘ಹೌದು ಸಾರ್’ ಎಂದ ನಾಲಗೆ ಸಂಜೆ ಕೌರವನಾಗಿ ಗರ್ಜಿಸುವುದು ಸುಲಭವಲ್ಲ. ನಿವೃತ್ತರಾದ ಮರುವರ್ಷ ಸಂಘದ ತಾಳಮದ್ದಳೆಗೆ ಸೇರಿದರು. ಮೊದಲು ಚಾರಕ, ಆಮೇಲೆ ದೂತ, ಹೀಗೆ ನಿಧಾನವಾಗಿ ಬಡ್ತಿ ಪಡೆಯುತ್ತ ಮೂರು ವರ್ಷದಲ್ಲಿ ದೊಡ್ಡ ಅರ್ಥಕ್ಕೆ ಬಂದರು. ಇಲ್ಲಿ ಬಡ್ತಿ ತಡವಾಗಲಿಲ್ಲ.

ತಡವಾಗಲಿಲ್ಲ ಎಂದು ಯಾಕೆ ಹೇಳಿದೆವೆಂದರೆ, ಕಚೇರಿಯಲ್ಲಿ ತಡವಾಗಿತ್ತು. ಆಗಿನ ಕಾಲಕ್ಕೆ ನೌಕರನ ವಿಷಯವಾಗಿ ಮೇಲಧಿಕಾರಿ ವರ್ಷಕ್ಕೊಮ್ಮೆ ಗುಪ್ತವರದಿ ಬರೆಯುತ್ತಿದ್ದರು. ತೀರ ಕೆಟ್ಟದಾಗಿ ಬರೆದರೆ ನೌಕರನಿಗೆ ತಿಳಿಸಬೇಕು. ‘ಸಾಧಾರಣ’ ಎಂದು ಬರೆದರೆ ತಿಳಿಸುವ ರೂಢಿಯಿಲ್ಲ. ಕೆಟ್ಟವನೆಂದೂ ಅಲ್ಲ, ಒಳ್ಳೆಯವನೆಂದೂ ಅಲ್ಲ, ಬಡ್ತಿ ಮಾತ್ರ ಇಲ್ಲ. 2008ರಲ್ಲಿ ದೇವದತ್ತ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಳ್ಳೆಯದೋ ಕೆಟ್ಟದೋ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸತಕ್ಕದ್ದು ಎಂದು ಹೇಳಿತು. ಮಾಮನ ವಿಷಯದಲ್ಲಿ ಅದು ಬಹಳ ತಡ. ಎರಡು ವರ್ಷದ ‘ಸಾಧಾರಣ’ದಿಂದ ಅವರ ಬಡ್ತಿ ಮೂರು ವರ್ಷ ಹಿಂದೆ ಬಿತ್ತು. ಕಾಗದ ನೋಡುವ ಗುಮಾಸ್ತರಾದ ನಮಗೆ ಗೊತ್ತು, ಅಂಥ ಮೂರು ವರ್ಷ ಕೊನೆಯ ಸಂಬಳದಲ್ಲಿ ಕುಳಿತು, ಅಲ್ಲಿಂದ ಪೆನ್ಶನ್ನಿಗೆ ಇಳಿದು, ತಿಂಗಳು ತಿಂಗಳೂ ಬರುತ್ತಲೇ ಇರುತ್ತದೆ. ವರದಿ ಬರೆದವರು ಯಾರೆಂದು ಮಾಮನಿಗೆ ತಿಳಿದಿತ್ತು. ಅವರೊಡನೆಯೇ ಸಂಜೆ ಕಟ್ಟೆಯಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದರು. ಆ ವಿಷಯ ಇಬ್ಬರ ಬಾಯಲ್ಲೂ ಒಂದು ದಿನವೂ ಬಂದಿರಲಿಲ್ಲ.

ಸಂಘದ ವಾರ್ಷಿಕೋತ್ಸವಕ್ಕೆ ‘ವಾಲಿವಧೆ’ ಇಟ್ಟರು. ವಾಲಿ ಮಾಮನೇ. ರಾಮನ ಅರ್ಥ ಹೇಳಬೇಕಾದವರಿಗೆ ಜ್ವರ ಬಂದು, ಸಂಸ್ಕೃತ ಓದಿಕೊಂಡಿದ್ದ ಸೂಪರಿಂಟೆಂಡೆಂಟರನ್ನು ಹಿಡಿದು ಕೂರಿಸಿದರು. ನಾವು ಮೂರನೆಯ ಸಾಲಿನಲ್ಲಿದ್ದೆವು.

ಮರದ ಮರೆಯಿಂದ ಬಂದ ಬಾಣ ತಾಗಿ ವಾಲಿ ನೆಲಕ್ಕೆ ಬಿದ್ದಿದ್ದಾನೆ. ಭಾಗವತರು ಪದ ಮುಗಿಸಿದರು. ಮಾಮ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಏರುದನಿಯಲ್ಲೇನೂ ಅಲ್ಲ, ಟಪ್ಪಾಲು ವಿಭಾಗದಲ್ಲಿ ಮಾತನಾಡುತ್ತಿದ್ದ ದನಿಯಲ್ಲಿಯೇ ಹೇಳಿದರು: “ರಾಘವಾ, ಎದುರಿಗೆ ಬಂದು ನಿಂತು, ವಾಲೀ ನಿನ್ನದು ಇಂಥ ತಪ್ಪು ಎಂದಿದ್ದರೆ ನಾನು ತಲೆಬಾಗುತ್ತಿದ್ದೆ. ಇಲ್ಲವೇ ನನ್ನ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನೀನು ಮರೆಯಲ್ಲಿ ನಿಂತೆ. ಬಾಣ ಬಿದ್ದುದು ನನಗೆ ತಿಳಿಯಿತು. ಯಾವ ತಪ್ಪಿಗೆ ಎಂಬುದು ತಿಳಿಯಲಿಲ್ಲ. ಬಾಣಕ್ಕಿಂತ ಅದು ಹೆಚ್ಚು ನೋಯುತ್ತದೆ.”

ಸಭೆಯಲ್ಲಿ ಅದು ವಾಲಿಯ ಮಾತೇ. ಚಪ್ಪಾಳೆಯೂ ಬಿತ್ತು. ರಾಮನಿಗೆ ಇಲ್ಲಿ ಶಾಸ್ತ್ರಸಮ್ಮತವಾದ ಉತ್ತರವಿದೆ. ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ಇದೇ ದಂಡನೆ ಎಂದು ಧರ್ಮಶಾಸ್ತ್ರವನ್ನೆಲ್ಲ ಉದ್ಧರಿಸಬಹುದು. ಸೂಪರಿಂಟೆಂಡೆಂಟರು ಅದನ್ನೆಲ್ಲ ಸಿದ್ಧಮಾಡಿಕೊಂಡೇ ಬಂದಿದ್ದರು, ಕೈಯಲ್ಲಿ ಚೀಟಿ ಕಾಣುತ್ತಿತ್ತು. ಅವರು ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟರು. “ವಾಲೀ, ಮರೆಯಲ್ಲಿ ನಿಂತವನಿಗೆ ಸುಖವಿತ್ತೆಂದು ಎಣಿಸಬೇಡ. ಎದುರಿಗೆ ಬರುವ ಧೈರ್ಯ ಸಾಲದೆಯೇ ಮರೆ ಬೇಕಾಯಿತು. ಅರಸರ ಮಗನೆಂದರೆ ಧೈರ್ಯ ಹುಟ್ಟಿನಿಂದಲೇ ಬರುತ್ತದೆಂದು ಲೋಕ ತಿಳಿದಿದೆ. ಬರುವುದಿಲ್ಲ,” ಎಂದರು. ಭಾಗವತರು ಬೆರಗಾದರು. ರಾಮ ಹೀಗೆ ಹೇಳುವುದು ಯಾವ ಪ್ರಸಂಗದಲ್ಲಿಯೂ ಇಲ್ಲ. ಅವರು ಜಾಣರು, ಒಡನೆ ಮುಂದಿನ ಪದ ಎತ್ತಿದರು.

ಆಟ ಮುಗಿದ ಮೇಲೆ ಇಬ್ಬರೂ ಹೊರಗೆ ಚಹದಂಗಡಿಯ ಮುಂದೆ ನಿಂತಿದ್ದರು. ಯಾರು ದುಡ್ಡು ಕೊಡಬೇಕೆಂದು ದೊಡ್ಡ ಜಗಳ ನಡೆದಿತ್ತು. ಆ ತನಕ ಮಾಮ ಅವರನ್ನು ‘ಸಾರ್’ ಎನ್ನುತ್ತಿದ್ದರು. ಈಗ ಹೇಗೆ ಕರೆಯುತ್ತಾರೆಂದು ಗಮನವಿಟ್ಟು ಕೇಳಿದ್ದೇವೆ: ‘ಮಾರಾಯ್ರೇ’ ಎನ್ನುತ್ತಾರೆ.

ಕಟ್ಟೆಯ ಇನ್ನೊಂದು ನಿತ್ಯವಿನೋದವೆಂದರೆ, ಕನ್ನಡಿಗರಲ್ಲಿ ಎಲ್ಲರಿಗಿಂತ ದೊಡ್ಡ ನಿವೃತ್ತರು ಯಾರು ಎಂಬ ಚರ್ಚೆ. ಸೂಪರಿಂಟೆಂಡೆಂಟರ ಪಕ್ಷ ವಿಶ್ವೇಶ್ವರಯ್ಯನವರದು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿ, ನಾಸಿಕದಲ್ಲಿ ಕೆಲಸ ಮೊದಲುಮಾಡಿ, ಪುಣೆಯ ಹತ್ತಿರ ಖಡಕವಾಸಲೆಯಲ್ಲಿ ತಾನಾಗಿ ತೆರೆದುಕೊಳ್ಳುವ ಬಾಗಿಲು ಕೂರಿಸಿ, 1908ರಲ್ಲಿ ಸ್ವಂತ ಇಚ್ಛೆಯಿಂದ ನಿವೃತ್ತರಾದರು. ಮೈಸೂರಿನ ದಿವಾನರಾದುದು ಆಮೇಲೆ, 1912ರಲ್ಲಿ. ಅದನ್ನೂ 1918ರಲ್ಲಿ ಬಿಟ್ಟು 1962ರ ತನಕ ಬಾಳಿದರು. “ಅವರ ದೊಡ್ಡ ಕೆಲಸವೆಲ್ಲ ರಿಟೈರಾದ ಮೇಲಿನದೇ,” ಎನ್ನುತ್ತಾರೆ ಸೂಪರಿಂಟೆಂಡೆಂಟರು. ಮಾಸ್ತರರದು ಮಾಸ್ತಿಯವರ ಪಕ್ಷ. ಮೈಸೂರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದು 1943ರಲ್ಲಿ ಹೊರಬಂದರು. ತೀರಿಕೊಂಡುದು 1986ರಲ್ಲಿ, ಹುಟ್ಟಿದ ಹಬ್ಬದ ದಿನವೇ, ಜೂನ್ 6. ನಿವೃತ್ತಿಯೇ ನಲವತ್ತಮೂರು ವರ್ಷ. ಸೇವೆ ಅದಕ್ಕಿಂತ ಎಷ್ಟೋ ಕಡಿಮೆ. ‘ಜೀವನ’ ಪತ್ರಿಕೆ ನಡೆಸಿದ್ದು, ‘ಚಿಕವೀರ ರಾಜೇಂದ್ರ’ ಬರೆದದ್ದು, ಜ್ಞಾನಪೀಠ ಬಂದದ್ದು ಎಲ್ಲ ಆ ಅವಧಿಯಲ್ಲಿಯೇ. ಇಷ್ಟರ ಮೇಲೆ ಸಂಜೆ ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗಿ ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದರು. ಗಾರ್ಡ್ ಕಾಕಾನಿಗೆ ಇಡೀ ಚರ್ಚೆಯಲ್ಲಿ ಹಿಡಿಸಿದ್ದು ಈ ಕೊನೆಯ ವಾಕ್ಯ. “ಇಸ್ಪೀಟು ಆಡಿದ್ರಲ್ಲ, ಮುಗೀತು. ನನ್ನ ಓಟು ಮಾಸ್ತಿಯವರಿಗೆ!”

ಇನ್ನು ಮುಂಬಯಿ ಕನ್ನಡಿಗರ ನಿವೃತ್ತಿಯಲ್ಲಿ ಎಲ್ಲಕ್ಕೂ ದೊಡ್ಡ ಪ್ರಶ್ನೆ. ಊರಿಗೆ ಹೋಗುವುದೋ, ಇಲ್ಲಿಯೇ ಇರುವುದೋ? ಮೂವತ್ತೈದು ವರ್ಷ ಪ್ರತಿಯೊಬ್ಬರೂ ‘ರಿಟೈರಾದ ಮೇಲೆ ಊರು’ ಎಂದು ಹೇಳಿಕೊಂಡೇ ಬಂದಿರುತ್ತಾರೆ. ಹಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎಬ್ಬಿಸಿರುತ್ತಾರೆ. ಅದರ ಬೀಗದ ಕೈ ಡೊಂಬಿವಲಿಯ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂತು. ಹತ್ತಿರವಾದಷ್ಟೂ ತೀರ್ಮಾನ ಕಷ್ಟವಾಯಿತು.

ಸೂಪರಿಂಟೆಂಡೆಂಟರು ಹೋಗಿಯೇ ಬಿಟ್ಟಿದ್ದರು. ಸಾಮಾನು ಸಹಿತ ಹೋಗಿ, ತುಳಸಿಕಟ್ಟೆ ಕಟ್ಟಿಸಿ, ಎಂಟು ತಿಂಗಳಿಗೆ ಹಿಂದಿರುಗಿದರು. ಊರಿನಲ್ಲಿ ಏನು ಕೊರತೆಯೆಂದು ಕೇಳಿದರೆ ಅವರಲ್ಲಿ ಸರಿಯಾದ ಉತ್ತರವಿಲ್ಲ. ನೀರು ಚೆನ್ನಾಗಿದೆ, ಗಾಳಿ ಚೆನ್ನಾಗಿದೆ, ಜನರೂ ಒಳ್ಳೆಯವರು. “ಅಲ್ಲಿ ಎಲ್ಲರೂ ‘ಬೊಂಬಾಯಿಯವರು ಯಾವಾಗ ಬಂದಿರಿ, ಯಾವಾಗ ಹೊರಡುತ್ತೀರಿ?’ ಎಂದೇ ಕೇಳುತ್ತಾರಪ್ಪ. ಎಂಟನೆಯ ತಿಂಗಳಲ್ಲೂ ಅದನ್ನೇ ಕೇಳಿದರು. ಹೊರಟು ಬಂದೆ.” ಹುಟ್ಟಿದೂರಿನಲ್ಲಿ ಬೊಂಬಾಯಿಯವರು, ಬೊಂಬಾಯಿಯಲ್ಲಿ ಮದರಾಸಿಗಳು! ಇನ್ನೊಂದು ಕಡೆ, ನಮ್ಮ ಕಚೇರಿಯ ಹಳೆಯ ಜಮಾದಾರರು ಕುಂದಾಪುರದ ಕಡೆಗೆ ಹೋಗಿ ನೆಲೆಸಿ ಮಲ್ಲಿಗೆ ಬೆಳೆಸುತ್ತಾರೆ. ಇತ್ತ ಮುಖ ಹಾಕಿಲ್ಲ. ಅವರಿಗೆ ಅಲ್ಲಿ ಇಬ್ಬರು ಅಣ್ಣಂದಿರಿದ್ದಾರೆ, ಬೆಳಿಗ್ಗೆ ಹೂ ಕೊಯ್ಯಲು ಕರೆಯುತ್ತಾರೆ. ಸುಖ ಊರಿನಲ್ಲೋ ಮುಂಬಯಿಯಲ್ಲೋ ಎಂಬ ಪ್ರಶ್ನೆಯೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಇಂಥ ಹೊತ್ತಿಗೆ ಇಂಥಲ್ಲಿಗೆ ಬರಲಿಲ್ಲವೇಕೆ ಎಂದು ಕೇಳುವ ಒಬ್ಬರು ಎಲ್ಲಿದ್ದಾರೋ ಅಲ್ಲಿ ಇರತಕ್ಕದ್ದು. ಗೋಡೆಗಡಿಯಾರದ ಮಾತು ಹೇಳಿದೆವಲ್ಲ, ಐದೂವರೆಗೆ ಕಟ್ಟೆಗೆ ಹೊರಡಲು ಅದು ಬೇಕೇ ಬೇಕು.

ಮಾಸ್ತರರ ಸಂಗತಿಯಲ್ಲಿ ಕೇಳುವವನು ಏಳು ವರ್ಷದ ಮೊಮ್ಮಗ. ಮನೆಯಲ್ಲಿ ತಾಯಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಹಿಂದಿ. ಜೀವಮಾನವೆಲ್ಲ ಕನ್ನಡ ಕಲಿಸಿದ ಮಾಸ್ತರರಿಗೆ, ತಮ್ಮ ಶಾಲೆಯ ಕನ್ನಡ ತರಗತಿಗಳು ಮಕ್ಕಳಿಲ್ಲದೆ ಒಂದೊಂದಾಗಿ ಮುಚ್ಚಿದುದನ್ನು ಕಂಡವರಿಗೆ, ಉಳಿದ ವಿದ್ಯಾರ್ಥಿ ಇವನೊಬ್ಬನೇ. ಶಾಲೆಯ ಬಸ್ಸಿನಿಂದ ಇಳಿಸಿಕೊಂಡು ಮನೆಗೆ ಬರುವ ಹತ್ತು ನಿಮಿಷವೇ ಪಾಠದ ಹೊತ್ತು. ಪುಸ್ತಕವಿಲ್ಲ, ದಾರಿಯ ಮೇಲಿನ ವಸ್ತುಗಳೇ ಪುಸ್ತಕ. “ಅಜ್ಜಾ, ಒತ್ತಕ್ಷರ ಯಾಕ ಕೆಳಗ ಕೂಡತದ?” ಎಂದು ಅವನು ಕೇಳಿದನಂತೆ. “ಮ್ಯಾಲಿನವರಿಗೆ ಆಧಾರ ಬೇಕಲ್ಲೋ ತಮ್ಮಾ,” ಎಂದರಂತೆ ಮಾಸ್ತರರು. ಅವನು ಧಾರವಾಡದ ಕನ್ನಡವನ್ನು ಮರಾಠಿ ಎಳೆತದಲ್ಲಿ ಆಡುತ್ತಾನೆ. ಧಾರವಾಡದಲ್ಲಿ ಅದು ತೀರ ಹೊಸದೇನಲ್ಲವೆಂದು ಮಾಸ್ತರರ ಸಮಾಧಾನ.

ಹಣದ ಮಾತೂ ಕಟ್ಟೆಯಲ್ಲಿ ಬರುತ್ತದೆ, ಆದರೆ ಹಬ್ಬದ ಮಾತಿನಂತೆ. ನಿವೃತ್ತರಾಗುವಾಗ ಕೇಂದ್ರ ಸರಕಾರದ ನೌಕರನು ಪೆನ್ಶನ್ನಿನ ಶೇಕಡ 40ರ ತನಕ ಮಾರಿ ಒಟ್ಟು ಹಣ ಪಡೆಯಬಹುದು. ಹದಿನೈದು ವರ್ಷದ ಮೇಲೆ ಮಾರಿದ ಭಾಗ ಮರಳಿ ಬರುತ್ತದೆ. ಆದ್ದರಿಂದ ಅರುವತ್ತಕ್ಕೆ ನಿವೃತ್ತರಾದವರಿಗೆ ಎಪ್ಪತ್ತೈದಕ್ಕೆ ಒಂದು ಹಬ್ಬ. ಎಂಬತ್ತು ತುಂಬಿದರೆ ಮೂಲ ಪೆನ್ಶನ್ನಿನ ಮೇಲೆ ಶೇಕಡ 20 ಹೆಚ್ಚು, ತೊಂಬತ್ತಕ್ಕೆ 40, ನೂರಕ್ಕೆ ಪೂರ್ತಿ ನೂರು. ನಮ್ಮ ಹಿರಿಯರು ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿಸುತ್ತಿದ್ದರು. ಲೆಕ್ಕ ಹಾಕಿದರೆ ಅದಕ್ಕೆ ಎಂಬತ್ತು ವರ್ಷ ಹತ್ತು ತಿಂಗಳಾಗುತ್ತದೆ. ಸರಕಾರ ಹತ್ತು ತಿಂಗಳು ಮೊದಲೇ ದಕ್ಷಿಣೆ ಕೊಡುತ್ತದೆಯೆಂದು ತಿಳಿಯಬೇಕು. 2004ರ ಜನವರಿ 1ರ ಈಚೆಗೆ ಕೇಂದ್ರ ಸರಕಾರದ ಕೆಲಸಕ್ಕೆ ಸೇರಿದ ನಮ್ಮಂಥವರ ದಾರಿ ಬೇರೆ. ನಮ್ಮ ಹಣ ಷೇರುಪೇಟೆಯೊಡನೆ ಏರುತ್ತ ಇಳಿಯುತ್ತ ಸಾಗುತ್ತದೆ. 2025ರ ಏಪ್ರಿಲಿನಿಂದ ಇನ್ನೊಂದು ಯೋಜನೆಯ ಆಯ್ಕೆ ಬಂದಿದೆ, ಎರಡರಲ್ಲಿ ಯಾವುದು ಲೇಸೆಂದು ಕಟ್ಟೆಯವರನ್ನು ಕೇಳಿದರೆ, “ನಿನಗೆ ಸಂಜೆ ಕೂತು ಮಾತಾಡಲಿಕ್ಕೆ ನಾಲ್ಕು ಜನ ಇದ್ದಾರಾ? ಅದನ್ನು ಮೊದಲು ನೋಡಿಕೋ,” ಎಂದು ಮಾಮ ವಿಷಯ ತಪ್ಪಿಸುತ್ತಾರೆ.

ಪೆನ್ಶನ್‌ದಾರರ ನಿಜವಾದ ಜಾತ್ರೆ ನವೆಂಬರಿನಲ್ಲಿ. ತಾನು ಬದುಕಿದ್ದೇನೆಂದು ಪ್ರತಿಯೊಬ್ಬರೂ ಆ ತಿಂಗಳು ಪ್ರಮಾಣಪತ್ರ ಕೊಡಬೇಕು. 2014ರಿಂದ ಬೆರಳೊತ್ತಿ ಕಂಪ್ಯೂಟರಿನ ಮೂಲಕ ಕೊಡುವ ಏರ್ಪಾಡಾಯಿತು. ಮುದಿ ಬೆರಳುಗಳ ಗೆರೆ ಸವೆದು ಯಂತ್ರ ಒಪ್ಪದೆ ಹೋಗುವುದುಂಟು. 2021ರಿಂದ ಮೊಬೈಲಿಗೆ ಮುಖ ತೋರಿಸಿದರೂ ಆಗುತ್ತದೆ. ಮನೆಯಲ್ಲಿ ಮೊಮ್ಮಕ್ಕಳು ಎರಡು ನಿಮಿಷದಲ್ಲಿ ಮುಗಿಸಿಕೊಡುತ್ತಾರೆ. ಆದರೆ ಕಟ್ಟೆಯವರು ಯಾರೂ ಮನೆಯಲ್ಲಿ ಮಾಡಿಸಿಕೊಳ್ಳುವುದಿಲ್ಲ. ಹಳೆಯ ಕಚೇರಿಯ ಹತ್ತಿರದ ಬ್ಯಾಂಕಿಗೆ ಅಷ್ಟು ದೂರ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಅಂಬರನಾಥದಿಂದ, ವಿರಾರದಿಂದ, ಪನವೇಲಿನಿಂದ ಹಳೆಯ ಜನ ಬರುತ್ತಾರೆ. ಬಂದವರ ಮಂಡಿನೋವು, ಸೊಸೆ, ಸಕ್ಕರೆ ಕಾಯಿಲೆ ಎಲ್ಲದರ ವರದಿಯಾಗುತ್ತದೆ. ಬಾರದವರ ವಿಷಯ ಯಾರೂ ಮೊದಲು ಕೇಳುವುದಿಲ್ಲ. ಚಹಾ ಕುಡಿಯುವಾಗ ಯಾರಾದರೊಬ್ಬರು ಮೆಲ್ಲನೆ ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ.

ಎಂಬತ್ತು ದಾಟಿದವರು ನವೆಂಬರಿನ ತನಕ ಕಾಯಬೇಕಾಗಿಲ್ಲ, ಅಕ್ಟೋಬರ್ 1ರಿಂದಲೇ ಪತ್ರ ಕೊಡಬಹುದೆಂದು 2019ರಿಂದ ನಿಯಮವಿದೆ. ಸೂಪರಿಂಟೆಂಡೆಂಟರಿಗೆ ಕಳೆದ ವರ್ಷ ಎಂಬತ್ತು ತುಂಬಿತು. ನಾವು ಗುಮಾಸ್ತರ ಕರ್ತವ್ಯವೆಂದು ಸೆಪ್ಟೆಂಬರಿನಲ್ಲಿಯೇ ಕಟ್ಟೆಗೆ ಹೋಗಿ ಈ ಸೌಲಭ್ಯವನ್ನು ವಿವರಿಸಿದೆವು. ಅಕ್ಟೋಬರಿನಲ್ಲಿ ನೂಕುನುಗ್ಗಲಿಲ್ಲ, ಕುರ್ಚಿ ಸಿಗುತ್ತದೆ, ಹತ್ತು ನಿಮಿಷದ ಕೆಲಸ ಎಂದೆವು. ಅವರು ಕಡಲೆಕಾಯಿಯ ಸಿಪ್ಪೆ ಕೊಡವಿಕೊಂಡು ಮಾಮನ ಕಡೆಗೆ ನೋಡಿದರು. ಮಾಮನಿಗಿನ್ನೂ ಎಪ್ಪತ್ತೆರಡು.

“ಅಕ್ಟೋಬರಿನಲ್ಲಿ ಅಲ್ಲಿ ಯಾರಿರುತ್ತಾರಪ್ಪ?” ಎಂದರು. “ನಾವಿಬ್ಬರೂ ನವೆಂಬರಿನಲ್ಲಿಯೇ ಹೋಗುತ್ತೇವೆ.”